ಆಸ್ಕರ್ ರಾಬರ್ಟ್‌ಸನ್

ಎರಡು ಕಂಬಗಳು, ಕಂಬದ ತುದಿಯಲ್ಲೊಂದು ಹಲಗೆ, ಹಲಗೆಗೆ ಬಿಗಿದ ಕಬ್ಬಿಣದ ಬಳೆ. ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಇಷ್ಟಿದ್ದರೆ ಸಾಕು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು ಈ ಆಟವನ್ನು ರೂಪಿಸಿದಾಗ ಕಬ್ಬಿಣದ ಬಳೆಯೂ ಇರಲಿಲ್ಲ. ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಆತನು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಒಳಗೆ ಎತ್ತರದಲ್ಲಿ ಕಟ್ಟಿಸಿದನು. ಆಟಕ್ಕೆ ಆ ಹೆಸರು ಬಂದುದು ಆ ಬುಟ್ಟಿಗಳಿಂದಲೇ.

ಇದಾದ ಅರ್ಧ ಶತಮಾನದ ಬಳಿಕ, ಇಂಡಿಯಾನಾ ರಾಜ್ಯದ ರಾಜಧಾನಿಯಾದ ಇಂಡಿಯಾನಾಪೊಲಿಸ್ ನಗರದಲ್ಲಿ ಒಬ್ಬ ಹುಡುಗನು ಮನೆಯ ಹಿತ್ತಿಲಲ್ಲಿ ಮತ್ತೆ ಪೀಚ್ ಬುಟ್ಟಿಯನ್ನೇ ಕಟ್ಟಿಕೊಂಡು ಆಡುತ್ತಿದ್ದನು. ಅಷ್ಟರಲ್ಲಿ ದೇಶದ ತುಂಬ ಕಬ್ಬಿಣದ ಬಳೆಗಳೂ ಚರ್ಮದ ಚೆಂಡುಗಳೂ ಬಂದಿದ್ದವು. ಆದರೆ ಅವನ್ನು ಕೊಳ್ಳುವ ಹಣ ಆ ಮನೆಯಲ್ಲಿರಲಿಲ್ಲ. ಟೆನಿಸ್ ಚೆಂಡುಗಳನ್ನೋ, ಚಿಂದಿ ಬಟ್ಟೆಯನ್ನು ಉಂಡೆ ಮಾಡಿ ರಬ್ಬರ್ ಪಟ್ಟಿಯಿಂದ ಬಿಗಿದು ಮಾಡಿದ ಚೆಂಡನ್ನೋ ಆತನು ಆ ಬುಟ್ಟಿಗೆ ಎಸೆದು ಎಸೆದು ಗುರಿ ಕಲಿತನು. ಮುಂದೆ ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದ ಮನೆಯವರು ತಮಗೆ ಬೇಡವಾದ ಹಳೆಯ ಚೆಂಡೊಂದನ್ನು ಕೊಟ್ಟರು. ಅದೇ ಆತನ ಮೊದಲ ನಿಜವಾದ ಚೆಂಡು. ಆ ಹುಡುಗನೇ ಆಸ್ಕರ್ ರಾಬರ್ಟ್‌ಸನ್.

ಆಸ್ಕರ್ ಹುಟ್ಟಿದ್ದು 1938ರ ನವೆಂಬರ್ 24ರಂದು, ಟೆನೆಸ್ಸೀ ರಾಜ್ಯದ ಷಾರ್ಲೆಟ್ ಎಂಬ ಹಳ್ಳಿಯ ಬಳಿ. ಆತನ ಮುತ್ತಜ್ಜನು ಗುಲಾಮನಾಗಿ ಹುಟ್ಟಿದವನು. ಯಜಮಾನನೊಬ್ಬನ ಸೊತ್ತು ಎಂದು ಲೆಕ್ಕಕ್ಕೆ ಬಂದವನು. ಈ ಮಾತನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ. ದಕ್ಷಿಣದ ಬೇಸಾಯದ ಬಡತನದಿಂದ ಪಾರಾಗಲೆಂದು ತಂದೆತಾಯಿಗಳು ಮೂವರು ಗಂಡುಮಕ್ಕಳೊಡನೆ ಉತ್ತರದ ಇಂಡಿಯಾನಾಪೊಲಿಸ್‌ಗೆ ಬಂದು ನೆಲೆಸಿದರು. ಆಗ ಆಸ್ಕರ್ ಇನ್ನೂ ಚಿಕ್ಕ ಮಗು. ಉತ್ತರದಲ್ಲಿ ಗುಲಾಮಗಿರಿ ಎಂದೋ ಅಳಿದಿದ್ದರೂ ಬಣ್ಣದ ಗೋಡೆ ಅಳಿದಿರಲಿಲ್ಲ. ಕಪ್ಪುಜನರಿಗೆ ಬೇರೆಯೇ ಬಡಾವಣೆ, ಬೇರೆಯೇ ಶಾಲೆ.

ಆ ಶಾಲೆಯ ಹೆಸರು ಕ್ರಿಸ್ಪಸ್ ಅಟಕ್ಸ್ ಪ್ರೌಢಶಾಲೆ. 1770ರಲ್ಲಿ ಬಾಸ್ಟನ್ ನಗರದ ಬೀದಿಯಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾದವರಲ್ಲಿ ಮೊದಲಿಗನಾದ ಕಪ್ಪು ಮನುಷ್ಯನ ಹೆಸರು ಅದು. ಕಪ್ಪು ಮಕ್ಕಳನ್ನು ಬಿಳಿಯ ಮಕ್ಕಳಿಂದ ಬೇರ್ಪಡಿಸಿ ಕೂರಿಸಲೆಂದೇ 1927ರಲ್ಲಿ ನಗರದ ಆಡಳಿತವು ಈ ಶಾಲೆಯನ್ನು ತೆರೆಯಿತು. ಆದರೆ ಕೆಡುಕಿನ ಉದ್ದೇಶದಿಂದ ಹುಟ್ಟಿದ ಆ ಶಾಲೆಗೆ ಒಳ್ಳೆಯ ಶಿಕ್ಷಕರು ಬಂದು ಸೇರಿದರು. ಉನ್ನತ ಪದವಿ ಪಡೆದಿದ್ದರೂ ಬೇರೆಡೆ ಕೆಲಸ ಸಿಗದ ಕಪ್ಪು ವಿದ್ವಾಂಸರು ಅಲ್ಲಿ ಪಾಠ ಹೇಳುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರರಾಗಿದ್ದ ರೇ ಕ್ರೋ ಶಿಸ್ತಿಗೆ ಹೆಸರಾದವರು. ತಮ್ಮ ಹುಡುಗರು ಆಟದಲ್ಲಿ ಸೋತರೂ ನಡತೆಯಲ್ಲಿ ಸೋಲಬಾರದೆಂಬುದು ಅವರ ನಿಲುವಾಗಿತ್ತು. ತೀರ್ಪುಗಾರನು ಅನ್ಯಾಯವಾಗಿ ಶಿಳ್ಳೆ ಊದಿದರೂ ಎದುರಾಡುವಂತಿರಲಿಲ್ಲ. ಕೊನೆಯ ಗಳಿಗೆಯ ತೀರ್ಪು ತಮಗೆ ಪ್ರತಿಕೂಲವಾದೀತು ಎಂಬ ಅರಿವಿನಿಂದಲೇ ಆ ತಂಡದವರು ಮೊದಲಿನಿಂದ ಹೆಚ್ಚು ಅಂಕಗಳ ಅಂತರವನ್ನು ಕಾಯ್ದುಕೊಳ್ಳಲು ಕಲಿತಿದ್ದರು. ಶಾಲೆಯ ವ್ಯಾಯಾಮಶಾಲೆ ತೀರ ಕಿರಿದಾಗಿದ್ದುದರಿಂದ ಸ್ವಂತ ಅಂಗಳದಲ್ಲಿ ಪಂದ್ಯ ನಡೆಸುವ ಭಾಗ್ಯವೂ ಅವರಿಗಿರಲಿಲ್ಲ. ಪ್ರತಿ ಪಂದ್ಯಕ್ಕೂ ಪರಸ್ಥಳಕ್ಕೆ ಹೋಗಬೇಕಾಗಿತ್ತು.

ಇಂಡಿಯಾನಾದಲ್ಲಿ ಬ್ಯಾಸ್ಕೆಟ್‌ಬಾಲ್ ಬರಿಯ ಆಟವಲ್ಲ, ಊರ ಹಬ್ಬ. ಆ ಕಾಲದಲ್ಲಿ ರಾಜ್ಯದ 700ಕ್ಕೂ ಹೆಚ್ಚು ಪ್ರೌಢಶಾಲೆಗಳು, ಹಳ್ಳಿಯ ಶಾಲೆ ದೊಡ್ಡ ನಗರದ ಶಾಲೆ ಎಂಬ ಭೇದವಿಲ್ಲದೆ, ಒಂದೇ ಪಂದ್ಯಾವಳಿಯಲ್ಲಿ ಸೆಣಸುತ್ತಿದ್ದವು. 1954ರಲ್ಲಿ ಅಟಕ್ಸ್ ತಂಡವನ್ನು ಸೋಲಿಸಿ ಮುಂದೆ ಸಾಗಿ ಗೆದ್ದದ್ದು ಮೈಲನ್ ಎಂಬ ಪುಟ್ಟ ಊರಿನ ಶಾಲೆ. ಅದರ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ 161. ಮರುವರ್ಷ ಅಟಕ್ಸ್ ತಂಡವನ್ನು ತಡೆಯುವವರು ಇರಲಿಲ್ಲ. 1955ರ ಮಾರ್ಚ್ 19ರಂದು ಅಂತಿಮ ಪಂದ್ಯದಲ್ಲಿ ಅದು ಗ್ಯಾರಿ ನಗರದ ರೂಸ್‌ವೆಲ್ಟ್ ಶಾಲೆಯನ್ನು 97-74 ಅಂಕಗಳಿಂದ ಸೋಲಿಸಿತು. ಕಪ್ಪು ಮಕ್ಕಳ ಶಾಲೆಯೊಂದು ಇಡೀ ರಾಜ್ಯದ ಮುಕ್ತ ಪಂದ್ಯಾವಳಿಯನ್ನು ಗೆದ್ದುದು ಅಮೆರಿಕದಲ್ಲಿಯೇ ಅದು ಮೊದಲ ಸಲ. ಇಂಡಿಯಾನಾಪೊಲಿಸ್ ನಗರದ ಶಾಲೆಯೊಂದಕ್ಕೆ ಈ ಪ್ರಶಸ್ತಿ ಒಲಿದುದೂ ಅದೇ ಮೊದಲು.

ಗೆದ್ದ ತಂಡವನ್ನು ಅಗ್ನಿಶಾಮಕ ದಳದ ವಾಹನದ ಮೇಲೆ ಕೂರಿಸಿ, ನಗರದ ನಡುವಿನ ಸ್ಮಾರಕ ಸ್ತಂಭದ ವೃತ್ತದಲ್ಲಿ ಜನರ ಜಯಘೋಷದ ನಡುವೆ ಸಂಭ್ರಮಿಸುವುದು ಅಲ್ಲಿನ ಸಂಪ್ರದಾಯ. ಅಟಕ್ಸ್ ಹುಡುಗರೂ ವಾಹನವನ್ನೇರಿದರು. ಆದರೆ ವಾಹನವು ನಗರದ ನಡುವೆ ನಿಲ್ಲಲಿಲ್ಲ. ಅದು ತಿರುಗಿ ಕಪ್ಪುಜನರ ಬಡಾವಣೆಯ ಕಡೆಗೆ ಸಾಗಿ, ಅಲ್ಲಿನ ಉದ್ಯಾನವೊಂದರಲ್ಲಿ ಅವರನ್ನು ಇಳಿಸಿತು. ಕಪ್ಪುಜನರು ನಗರದ ನಡುವೆ ಸೇರಿದರೆ ಗಲಭೆಯಾದೀತು ಎಂಬುದು ಅಧಿಕಾರಿಗಳ ಅಂಜಿಕೆ. ಉದ್ಯಾನದಲ್ಲಿ ಬೆಂಕಿ ಹಾಕಿ ಬಡಾವಣೆಯ ಜನ ಕುಣಿಯುತ್ತಿದ್ದಾಗ 16 ವರ್ಷದ ಆಸ್ಕರ್ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಮನೆಗೆ ನಡೆದನು. ನಾವು ಅವರಿಗೆ ಬೇಡವಾದವರು ಎಂದು ತಂದೆಯೊಡನೆ ಹೇಳಿಕೊಂಡನು. ರಾಜ್ಯದ ಅತ್ಯುತ್ತಮ ಆಟಗಾರರು ಎಂದು ಚಪ್ಪಾಳೆ ತಟ್ಟಿದ ಊರೇ ತಮ್ಮನ್ನು ಕಣ್ಮರೆಯಲ್ಲಿಡಲು ಬಯಸಿದ ಆ ರಾತ್ರಿಯನ್ನು ಆತನು ಎಂದೂ ಮರೆಯಲಿಲ್ಲ. 1956ರಲ್ಲಿ ಅಟಕ್ಸ್ ತಂಡವು ಒಂದು ಪಂದ್ಯವನ್ನೂ ಸೋಲದೆ ಮತ್ತೆ ಪ್ರಶಸ್ತಿ ಗೆದ್ದಿತು. ಅಂತಿಮ ಪಂದ್ಯದಲ್ಲಿ ಆಸ್ಕರ್ ಒಬ್ಬನೇ 39 ಅಂಕಗಳನ್ನು ಗಳಿಸಿದನು.

ಅಲ್ಲಿಂದ ಮುಂದೆ ರಾಬರ್ಟ್‌ಸನ್ನರು ಒಹಾಯೊ ರಾಜ್ಯದ ಸಿನ್ಸಿನಾಟಿ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಆಡಿದ ಮೂರು ವರ್ಷವೂ ದೇಶದ ಕಾಲೇಜು ಆಟಗಾರರಲ್ಲೆಲ್ಲ ಹೆಚ್ಚು ಅಂಕ ಗಳಿಸಿದವರು ಅವರೇ. ಆದರೂ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರಕ್ಕೆ ಪಂದ್ಯವಾಡಲು ಹೋದಾಗ ಸಂಗಡಿಗರು ತಂಗಿದ ಹೋಟೆಲಿನಲ್ಲಿ ಅವರಿಗೆ ಎಡೆ ಸಿಗಲಿಲ್ಲ. ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದರ ವಸತಿಗೃಹದಲ್ಲಿ ಒಂಟಿಯಾಗಿ ಮಲಗಬೇಕಾಯಿತು. 1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೆ ಜೆರ್ರಿ ವೆಸ್ಟ್ ಅವರೊಡನೆ ಅವರು ಜಂಟಿ ನಾಯಕರಾಗಿದ್ದರು.

ಅದೇ ವರ್ಷ ಅವರು ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ, ಎಂದರೆ ಎನ್.ಬಿ.ಎ.ಯ, ಸಿನ್ಸಿನಾಟಿ ರಾಯಲ್ಸ್ ತಂಡದಲ್ಲಿ ವೃತ್ತಿಪರ ಆಟಗಾರರಾದರು. ಅವರ ಆಟದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರದವರು ಬುಟ್ಟಿಯ ಬಳಿ ನಿಲ್ಲುವುದು, ಕುಳ್ಳಗಿನ ಚುರುಕು ಆಟಗಾರರು ಚೆಂಡನ್ನು ನೆಲಕ್ಕೆ ಪುಟಿಸುತ್ತ ತಂದು ಹಂಚುವುದು ಆಗಿನ ವಾಡಿಕೆ. ರಾಬರ್ಟ್‌ಸನ್ನರು ಆರು ಅಡಿ ಐದು ಅಂಗುಲ ಎತ್ತರದವರಾಗಿಯೂ ಚೆಂಡು ಹಂಚುವ ಸ್ಥಾನದಲ್ಲಿ ಆಡಿದರು. ಬುಟ್ಟಿಗೆ ಬೀಳದೆ ಪುಟಿದುಬಂದ ಚೆಂಡನ್ನು ಜಿಗಿದು ಹಿಡಿಯುವುದಕ್ಕೆ ರೀಬೌಂಡ್ ಎಂದು ಹೆಸರು. ಸಂಗಡಿಗನು ಅಂಕ ಗಳಿಸುವಂತೆ ಚೆಂಡನ್ನು ಒದಗಿಸಿಕೊಡುವುದಕ್ಕೆ ಅಸಿಸ್ಟ್ ಎಂದು ಹೆಸರು. ಒಂದೇ ಪಂದ್ಯದಲ್ಲಿ ಅಂಕ, ರೀಬೌಂಡ್, ಅಸಿಸ್ಟ್ ಈ ಮೂರರಲ್ಲೂ ಹತ್ತು ಅಥವಾ ಹೆಚ್ಚು ಗಳಿಸುವುದನ್ನು ಟ್ರಿಪಲ್ ಡಬಲ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ಇದನ್ನು ಸಾಧಿಸುವುದೇ ಕಷ್ಟ. 1961-62ರ ಋತುವಿನಲ್ಲಿ ರಾಬರ್ಟ್‌ಸನ್ನರ ಸರಾಸರಿಯೇ ಪಂದ್ಯಕ್ಕೆ 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್! ಸೋಜಿಗವೆಂದರೆ, ಆಗ ಇದನ್ನು ಯಾರೂ ದೊಡ್ಡದಾಗಿ ಗಮನಿಸಲಿಲ್ಲ. ಟ್ರಿಪಲ್ ಡಬಲ್ ಎಂಬ ಮಾತೇ ಹುಟ್ಟಿರಲಿಲ್ಲ. ಇಡೀ ಋತುವಿನಲ್ಲಿ ಇಂತಹ ಸರಾಸರಿಯನ್ನು ಇನ್ನೊಬ್ಬನು, ರಸೆಲ್ ವೆಸ್ಟ್‌ಬ್ರುಕ್, ಸಾಧಿಸಿದ್ದು 2017ರಲ್ಲಿ. ನಡುವೆ 55 ವರ್ಷಗಳು ಸಂದಿದ್ದವು.

ಅವರ ಆಟದಲ್ಲಿ ಕಸರತ್ತಿನ ಪ್ರದರ್ಶನವಿರಲಿಲ್ಲ. ಎದುರಾಳಿಗೆ ಬೆನ್ನು ಕೊಟ್ಟು ಹೆಜ್ಜೆ ಹೆಜ್ಜೆಯಾಗಿ ಬುಟ್ಟಿಯ ಕಡೆಗೆ ಒತ್ತುತ್ತ, ಹದಿನೈದು ಅಡಿ ದೂರ ಸಿಕ್ಕಿದರೆ ಹತ್ತು ಅಡಿಗೆ, ಹತ್ತು ಸಿಕ್ಕಿದರೆ ಇನ್ನೂ ಹತ್ತಿರಕ್ಕೆ ಸಾಗಿ, ತಪ್ಪಲಾರದ ಸ್ಥಳದಿಂದ ಚೆಂಡೆಸೆಯುತ್ತಿದ್ದರು. ತಪ್ಪಾಡಿದ ಸಂಗಡಿಗರನ್ನು ಗದರಿಸಲೂ ಹಿಂದೆಗೆಯುತ್ತಿರಲಿಲ್ಲ. ಅವರ ನಾಲಗೆ ಮೃದುವಾಗಿರಲಿಲ್ಲ ಎಂದೇ ಹೇಳಬೇಕು.

ಇಷ್ಟೇ ಆಗಿದ್ದರೆ ರಾಬರ್ಟ್‌ಸನ್ನರು ದೊಡ್ಡ ಆಟಗಾರರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಅವರ ಬದುಕಿನ ಇನ್ನೊಂದು ಹೋರಾಟವು ಅಂಗಳದ ಹೊರಗೆ ನಡೆಯಿತು.

ಆ ದಿನಗಳಲ್ಲಿ ವೃತ್ತಿಪರ ಆಟಗಾರನ ಕರಾರು ಪತ್ರದಲ್ಲಿ ಒಂದು ಷರತ್ತು ಇರುತ್ತಿತ್ತು. ಕರಾರಿನ ಅವಧಿ ಮುಗಿದರೂ ಅದನ್ನು ಮುಂದುವರಿಸುವ ಹಕ್ಕು ತಂಡದ ಮಾಲೀಕನದೇ. ಆಟಗಾರನು ಬೇರೆ ತಂಡವನ್ನು ತಾನಾಗಿ ಸೇರುವಂತಿಲ್ಲ. ಮಾಲೀಕನಾದರೋ ಆಟಗಾರನನ್ನು ಯಾವಾಗ ಬೇಕಾದರೂ ಯಾವ ಊರಿನ ತಂಡಕ್ಕಾದರೂ ಮಾರಬಹುದು. ಹೊಸದಾಗಿ ಬರುವವನಿಗೂ ಆಯ್ಕೆಯಿಲ್ಲ. ಯಾವ ತಂಡವು ಅವನ ಹೆಸರನ್ನು ಕೂಗಿತೋ ಆ ತಂಡವೇ ಗತಿ. ಕಾರಖಾನೆಯ ಗುಮಾಸ್ತನೊಬ್ಬನು ಕೆಲಸ ಬಿಟ್ಟು ಎದುರಿನ ಕಾರಖಾನೆಗೆ ಸೇರಬಹುದು; ದೇಶವೆಲ್ಲ ಕೊಂಡಾಡುವ ಆಟಗಾರನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಮಾಲೀಕರ ವಾದವನ್ನೂ ಹೇಳುವುದು ನ್ಯಾಯ. ಆಟಗಾರರಿಗೆ ಮನಬಂದಲ್ಲಿ ಹೋಗಲು ಬಿಟ್ಟರೆ ಹಣವಂತ ತಂಡಗಳು ಒಳ್ಳೆಯವರನ್ನೆಲ್ಲ ಸೆಳೆದುಕೊಂಡು ಸಣ್ಣ ತಂಡಗಳು ಮುಳುಗುತ್ತವೆ, ಆಟವೇ ಕೆಡುತ್ತದೆ ಎಂದು ಅವರು ಹೇಳುತ್ತಿದ್ದರು. ಆ ಅಂಜಿಕೆ ಪೂರ್ಣ ಸುಳ್ಳೇನಲ್ಲ. ಆದರೆ ಆಟದ ಹಿತಕ್ಕಾಗಿ ಒಬ್ಬ ಮನುಷ್ಯನನ್ನು ಇನ್ನೊಬ್ಬನ ಸೊತ್ತಿನಂತೆ ಇಟ್ಟುಕೊಳ್ಳಬಹುದೆ? ಗುಲಾಮನಾಗಿ ಹುಟ್ಟಿದವನ ಮರಿಮಗನಿಗೆ ಈ ಪ್ರಶ್ನೆ ಬರಿಯ ಕಾನೂನಿನ ಪ್ರಶ್ನೆಯಾಗಿರಲು ಸಾಧ್ಯವಿರಲಿಲ್ಲ.

ಮೊದಲ ಘರ್ಷಣೆ ನಡೆದುದು 1964ರ ಜನವರಿ 14ರಂದು, ಬಾಸ್ಟನ್ ನಗರದಲ್ಲಿ. ಎಲ್ಲ ತಂಡಗಳ ಅತ್ಯುತ್ತಮ ಆಟಗಾರರು ಸೇರಿ ಆಡುವ ವಾರ್ಷಿಕ ಪಂದ್ಯವದು. ಹೊರಗೆ ಹಿಮ ಸುರಿಯುತ್ತಿತ್ತು. ಪಂದ್ಯವನ್ನು ದೇಶಕ್ಕೆಲ್ಲ ದೂರದರ್ಶನದಲ್ಲಿ ತೋರಿಸುವ ಏರ್ಪಾಡಾಗಿತ್ತು. ನಿವೃತ್ತಿ ವೇತನದ ಯೋಜನೆಯ ಬಗ್ಗೆ ವರ್ಷಗಳಿಂದ ಬರಿಯ ಭರವಸೆಯನ್ನೇ ಕೇಳಿದ್ದ ಆಟಗಾರರು ಅಂದು ಉಡುಪು ಬದಲಿಸುವ ಕೋಣೆಯಿಂದ ಹೊರಗೆ ಬರಲೊಪ್ಪಲಿಲ್ಲ. ಕಪ್ಪು ಬಿಳಿ ಎಂಬ ಭೇದವಿಲ್ಲದೆ, ಅಂಗಳದಲ್ಲಿ ಪರಸ್ಪರ ಸೆಣಸುವವರೆಲ್ಲ ಒಂದೇ ಬಾಗಿಲ ಹಿಂದೆ ಕುಳಿತರು. ಮಾಲೀಕರು ಸಿಟ್ಟಾದರು, ಬೆದರಿಕೆ ಹಾಕಿದರು. ಕೊನೆಗೆ ಸಂಸ್ಥೆಯ ಮುಖ್ಯಸ್ಥರು ಮಾತು ಕೊಟ್ಟ ಮೇಲೆ ಪಂದ್ಯ ತಡವಾಗಿ ಆರಂಭವಾಯಿತು. ಅಂದಿನ ಪಂದ್ಯದಲ್ಲಿ 26 ಅಂಕ ಗಳಿಸಿ ಅತ್ಯುತ್ತಮ ಆಟಗಾರ ಎನಿಸಿಕೊಂಡವರು ರಾಬರ್ಟ್‌ಸನ್ನರೇ. ಆ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೆ ಸಂದಿತು.

1965ರಲ್ಲಿ ಅವರು ಆಟಗಾರರ ಸಂಘದ ಅಧ್ಯಕ್ಷರಾದರು. ಅಮೆರಿಕದ ಯಾವ ರಾಷ್ಟ್ರೀಯ ಕ್ರೀಡಾ ಸಂಘಕ್ಕೂ ಅದುವರೆಗೆ ಕಪ್ಪು ಅಧ್ಯಕ್ಷನಿರಲಿಲ್ಲ. 1967ರಲ್ಲಿ ಇನ್ನೊಂದು ವೃತ್ತಿಪರ ಸಂಸ್ಥೆ ಹುಟ್ಟಿಕೊಂಡು, ಎರಡೂ ಸಂಸ್ಥೆಗಳು ಆಟಗಾರರಿಗಾಗಿ ಪೈಪೋಟಿ ನಡೆಸಿದಾಗ ಸಂಬಳಗಳು ಏರತೊಡಗಿದವು. ಆಗ ಮಾಲೀಕರು ಎರಡನ್ನೂ ಒಂದುಗೂಡಿಸಲು ಹವಣಿಸಿದರು. ಒಂದೇ ಸಂಸ್ಥೆಯಾದರೆ ಆಟಗಾರನಿಗೆ ಇದ್ದ ಏಕಮಾತ್ರ ದಾರಿಯೂ ಮುಚ್ಚಿಹೋಗುತ್ತಿತ್ತು. 1970ರ ಏಪ್ರಿಲ್ ತಿಂಗಳಲ್ಲಿ ಆಟಗಾರರು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು. 14 ತಂಡಗಳ 14 ಪ್ರತಿನಿಧಿಗಳು ಸಹಿ ಮಾಡಿದ ಆ ದಾವೆಯಲ್ಲಿ ಮೊದಲ ಹೆಸರು ರಾಬರ್ಟ್‌ಸನ್ನರದು. ದಾವೆಗೆ ಅವರ ಹೆಸರೇ ನಿಂತಿತು. ಸಂಪಾದನೆಯ ಶಿಖರದಲ್ಲಿದ್ದ ಆಟಗಾರನೊಬ್ಬನು ತನಗೆ ಸಂಬಳ ಕೊಡುವವರ ಮೇಲೆಯೇ ನ್ಯಾಯಾಲಯಕ್ಕೆ ಹೋಗುವುದು ಸಣ್ಣ ಮಾತಲ್ಲ.

ಅದೇ ವರ್ಷದ ಆರಂಭದಲ್ಲಿ ರಾಯಲ್ಸ್ ತಂಡವು ಅವರನ್ನು ಬಾಲ್ಟಿಮೋರ್ ತಂಡಕ್ಕೆ ಕೊಡಲು ಹೊರಟಿತ್ತು. ತಮ್ಮ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕಳುಹಿಸಬಾರದೆಂಬ ವಿಶೇಷ ಷರತ್ತನ್ನು ರಾಬರ್ಟ್‌ಸನ್ನರು ಮುಂಚೆಯೇ ಕರಾರಿನಲ್ಲಿ ಬರೆಯಿಸಿಕೊಂಡಿದ್ದುದರಿಂದ ಬೇಡವೆನ್ನಲು ಸಾಧ್ಯವಾಯಿತು. ಸಾಮಾನ್ಯ ಆಟಗಾರನಿಗೆ ಆ ರಕ್ಷಣೆಯಿರಲಿಲ್ಲ. ಮುಂದೆ ಅವರು ತಾವೇ ಒಪ್ಪಿ ಮಿಲ್ವಾಕಿ ನಗರದ ಬಕ್ಸ್ ತಂಡವನ್ನು ಸೇರಿದರು. ಅಲ್ಲಿ ಲ್ಯೂ ಆಲ್ಸಿಂಡರ್ ಎಂಬ ಏಳಡಿಗೂ ಎತ್ತರದ ತರುಣನಿದ್ದನು; ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಮುಂದೆ ಲೋಕಪ್ರಸಿದ್ಧನಾದವನು ಅವನೇ. ಇಬ್ಬರ ಜೋಡಿಯಿಂದ, ಹುಟ್ಟಿ ಮೂರೇ ವರ್ಷವಾಗಿದ್ದ ಬಕ್ಸ್ ತಂಡವು 1971ರಲ್ಲಿ ಎನ್.ಬಿ.ಎ. ಪ್ರಶಸ್ತಿಯನ್ನು ಗೆದ್ದಿತು. ಅಂತಿಮ ಸರಣಿಯಲ್ಲಿ ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಸೋತ ತಂಡ ಅದೇ ಬಾಲ್ಟಿಮೋರ್. ರಾಬರ್ಟ್‌ಸನ್ನರ ವೃತ್ತಿಜೀವನದ ಏಕೈಕ ಎನ್.ಬಿ.ಎ. ಪ್ರಶಸ್ತಿ ಅದು.

ನ್ಯಾಯಾಲಯದ ದಾರಿ ಮಾತ್ರ ಉದ್ದವಾಗಿತ್ತು. ರಾಬರ್ಟ್‌ಸನ್ನರು 1974ರಲ್ಲಿ, 35ನೆಯ ವಯಸ್ಸಿನಲ್ಲಿ, ಆಟದಿಂದ ನಿವೃತ್ತರಾದರು. ಆಡಿದ ಪಂದ್ಯಗಳು 1,040, ಅಂಕಗಳು 26,710, ಅಸಿಸ್ಟ್‌ಗಳು 9,887. ಅಸಿಸ್ಟ್‌ಗಳಲ್ಲಿ ಅಂದಿಗೆ ಅದೇ ದಾಖಲೆ. ದಾವೆಯಿನ್ನೂ ತೀರ್ಮಾನವಾಗಿರಲಿಲ್ಲ. ಅದನ್ನು ನೋಡುತ್ತಿದ್ದ ನ್ಯಾಯಾಧೀಶರು ರಾಬರ್ಟ್ ಕಾರ್ಟರ್. ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನ ಮೊಕದ್ದಮೆಯಲ್ಲಿ ವಾದಿಸಿದ್ದ ವಕೀಲರಲ್ಲಿ ಅವರೂ ಒಬ್ಬರಾಗಿದ್ದರು. ದಾವೆಯನ್ನು ವಿಚಾರಣೆಗೆ ಮುಂಚೆಯೇ ಮುಗಿಸಿಬಿಡಬೇಕೆಂಬ ಮಾಲೀಕರ ಕೋರಿಕೆಯನ್ನು ಅವರು 1975ರಲ್ಲಿ ತಳ್ಳಿಹಾಕಿದರು. ಇನ್ನು ಉಳಿವಿಲ್ಲವೆಂದರಿತ ಮಾಲೀಕರು 1976ರಲ್ಲಿ ರಾಜಿಗೆ ಬಂದರು. ಎರಡು ಸಂಸ್ಥೆಗಳು ಒಂದಾದವು. ಆದರೆ ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುತ್ತಿದ್ದ ಷರತ್ತು ರದ್ದಾಯಿತು. ಜನರು ಇದನ್ನು ಆಸ್ಕರ್ ರಾಬರ್ಟ್‌ಸನ್ ನಿಯಮವೆಂದೇ ಕರೆದರು. ಸ್ವಾತಂತ್ರ್ಯ ಒಂದೇ ದಿನದಲ್ಲಿ ಪೂರ್ಣವಾಗಿ ಬರಲಿಲ್ಲ. ಮೊದಮೊದಲು ಆಟಗಾರನನ್ನು ಸೇರಿಸಿಕೊಂಡ ತಂಡವು ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಾಗಿತ್ತು. ಯಾವ ಕಟ್ಟುಪಾಡೂ ಇಲ್ಲದೆ ತಂಡ ಬದಲಿಸುವ ಅವಕಾಶ ಒದಗಿದ್ದು 1988ರಲ್ಲಿ. ಮಾಲೀಕರು ಹೇಳಿದಂತೆ ಆಟವೇನೂ ಕೆಡಲಿಲ್ಲ; ಲೋಕದ ಮೂಲೆ ಮೂಲೆಗೂ ಹಬ್ಬಿತು.

ಈ ಗೆಲುವಿನ ಫಲವು ರಾಬರ್ಟ್‌ಸನ್ನರಿಗೆ ದಕ್ಕಲಿಲ್ಲ. ಇಂದು ಕೋಟಿಗಟ್ಟಲೆ ಸಂಬಳ ಪಡೆಯುವ ಆಟಗಾರರು ನಡೆಯುವ ದಾರಿಯನ್ನು ಅವರು ತೆರೆದುಕೊಟ್ಟರು. ಆ ವೇಳೆಗೆ ತಾವು ಆಟವನ್ನು ಬಿಟ್ಟಾಗಿತ್ತು. ನಿವೃತ್ತಿಯ ಬಳಿಕ ದೂರದರ್ಶನದಲ್ಲಿ ಪಂದ್ಯಗಳ ವಿವರಣೆಗಾರರಾದರು. ಆ ಕೆಲಸ ಒಂದೇ ಋತುವಿಗೆ ಮುಗಿಯಿತು. ದಾವೆಯ ಸಿಟ್ಟೇ ಅದಕ್ಕೆ ಕಾರಣವೆಂದು ಅವರು ನಂಬಿದರು. ಮುಂದೆ ಸಿನ್ಸಿನಾಟಿಯಲ್ಲಿ ರಾಸಾಯನಿಕ ವಸ್ತುಗಳ ಕಂಪನಿಯೊಂದನ್ನು ಕಟ್ಟಿ ಉದ್ಯಮಿಯಾದರು. 1997ರಲ್ಲಿ ಅವರ ಮಗಳ ಮೂತ್ರಪಿಂಡಗಳು ಕಾಯಿಲೆಯಿಂದ ಕೆಟ್ಟಾಗ 58 ವರ್ಷದ ತಂದೆ ತಮ್ಮ ಮೂತ್ರಪಿಂಡವೊಂದನ್ನು ಕೊಟ್ಟು ಆಕೆಯನ್ನು ಉಳಿಸಿಕೊಂಡರು. ಪತ್ರಿಕೆಗಳು ಹೊಗಳಿ ಬರೆದವು. ಅವರಿಗೆ ಅದು ಹೊಗಳಬೇಕಾದ ಸಂಗತಿಯೆಂದು ತೋರಲಿಲ್ಲ. ಯಾವ ತಂದೆಯೂ ಮಾಡುವ ಕೆಲಸ ಎಂದರು.

2015ರಲ್ಲಿ ಇಂಡಿಯಾನಾಪೊಲಿಸ್ ನಗರಕ್ಕೆ ಹಳೆಯ ಸಾಲವೊಂದು ನೆನಪಾಯಿತು. ಅಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಪ್ರಸಿದ್ಧವಾದ ಮೋಟಾರು ಪಂದ್ಯದ ಅಂಗವಾಗಿ ನಗರದ ನಡುವಿನ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ನಡೆಯುತ್ತದೆ. 1955ರ ಅಟಕ್ಸ್ ತಂಡದಲ್ಲಿ ಬದುಕಿ ಉಳಿದಿದ್ದವರನ್ನು ಆ ಸಲದ ಮೆರವಣಿಗೆಯ ಮುಂದಾಳುಗಳಾಗಿ ಬರಬೇಕೆಂದು ಆಹ್ವಾನಿಸಲಾಯಿತು. ರಾಬರ್ಟ್‌ಸನ್ನರು ಮೊದಲು ಬರಲಾರೆನೆಂದರು. 60 ವರ್ಷಗಳಾದರೂ ಆ ರಾತ್ರಿಯ ನೋವು ಮಾಸಿರಲಿಲ್ಲ. ಬಳಿಕ ಮನಸ್ಸು ಬದಲಿಸಿದರು. ತರಬೇತುದಾರ ರೇ ಕ್ರೋ 2003ರಲ್ಲಿಯೇ ತೀರಿಕೊಂಡಿದ್ದರು. ಅಂದಿನ ಹುಡುಗರಲ್ಲಿ ಹಲವರು ಇರಲಿಲ್ಲ. ಇದ್ದವರೆಲ್ಲ ಮುದುಕರಾಗಿದ್ದರು. ಹದಿನಾರರ ವಯಸ್ಸಿನಲ್ಲಿ ನಗರದ ನಡುವೆ ನಿಲ್ಲಲು ಎಡೆ ಸಿಗದೆ ಮನೆಗೆ ನಡೆದುಹೋಗಿದ್ದ ಆಸ್ಕರ್, ಎಪ್ಪತ್ತಾರರ ವಯಸ್ಸಿನಲ್ಲಿ, ಇಕ್ಕೆಲದಲ್ಲೂ ನೆರೆದ ಜನರ ನಡುವೆ ಅದೇ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಟರು.